ಕ್ರೀಡೆಯಲ್ಲಿ ಯಂತ್ರದ ಕೈ: ಮ್ಯಾಕ್ರೋ ಮತ್ತು ಸ್ಕ್ರಿಪ್ಟುಗಳ ಔಚಿತ್ಯ ವಿಚಾರ

ಸಹಸ್ರಾರು ಜನರು ದೂರದೂರದಲ್ಲಿ ಕುಳಿತು, ಒಂದೊಂದು ಪಾತ್ರವನ್ನು ಧರಿಸಿ, ಗಣಕಯಂತ್ರದ ಪರದೆಯ ಮೇಲೆ ಏಕಕಾಲದಲ್ಲಿ ಆಡುವ ಆಟಗಳನ್ನು ಬರಿಯ ವಿನೋದವೆಂದು ಬದಿಗೊತ್ತುವುದು ವಿಮರ್ಶೆಗೆ ಉಚಿತವಲ್ಲ. ಅವೂ ರಚಿತ ಕೃತಿಗಳೇ. ಅವಕ್ಕೂ ಬಂಧವುಂಟು, ಗುಣದೋಷಗಳುಂಟು. ಆದರೆ ಅವುಗಳಲ್ಲಿ ಒಂದು ವೈಚಿತ್ರ್ಯವಿದೆ. ನಾಟಕ ನೋಡಹೋದವನು ತನ್ನ ಪೀಠದಲ್ಲಿ ಗೊಂಬೆಯೊಂದನ್ನು ಕೂಡಿಸಿ ಎದ್ದು ಬರುವುದಿಲ್ಲ. ಈ ಆಟಗಾರನಾದರೋ, ಹಲವು ವೇಳೆ, ತನ್ನ ಬದಲು ಯಂತ್ರವೇ ಆಡಲೆಂದು ಬಯಸುತ್ತಾನೆ. ಆ ಬಯಕೆಯ ಸಾಧನಗಳು ಎರಡು: ಹಲವು ಆದೇಶಗಳನ್ನು ಒಂದೇ ಗುಂಡಿಗೆ ಕಟ್ಟಿಕೊಡುವ ಮ್ಯಾಕ್ರೋ, ಸಂದರ್ಭವನ್ನು ಪರೀಕ್ಷಿಸಿ ಮುಂದಿನ ಹೆಜ್ಜೆಯನ್ನು ತಾನೇ ಗೊತ್ತುಮಾಡಬಲ್ಲ ಸ್ಕ್ರಿಪ್ಟು. ಇವು ಕ್ರೀಡೆಯನ್ನು ಬೆಳೆಸುವುವೋ ಕೆಡಿಸುವುವೋ ಎಂಬುದು ಪ್ರಕೃತ ವಿಚಾರ.

ಇದಕ್ಕೆ ಉತ್ತಮ ನಿದರ್ಶನ, ಅಮೆರಿಕದ ಬ್ಲಿಜರ್ಡ್ ಸಂಸ್ಥೆ 2004ರ ನವೆಂಬರಿನಲ್ಲಿ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ 1993ರಲ್ಲಿ ಹುಟ್ಟಿದ, ಪೋರ್ಚುಗೀಸಿನಲ್ಲಿ ‘ಚಂದ್ರ’ ಎಂದರ್ಥವುಳ್ಳ ‘ಲುವಾ’ ಎಂಬ ಕ್ರಮವಿಧಿ ಭಾಷೆಯನ್ನು ಈ ಆಟವು ಆಟಗಾರರ ಕೈಗೇ ಒಪ್ಪಿಸಿತು. ಅದರಿಂದ ಅವರು ಪರದೆಯ ವಿನ್ಯಾಸವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾಯಿತು. ಮ್ಯಾಕ್ರೋಗಾದರೆ 255 ಅಕ್ಷರಗಳ ಮಿತಿ. ಸೂತ್ರಕಾರರ ಮಿತವ್ಯಯವನ್ನು ಅದು ಆಟಗಾರನಿಗೆ ಕಲಿಸಿತು. ಮಿತ್ರನನ್ನು ಗುರಿಯಾಗಿಸಿದರೆ ಚಿಕಿತ್ಸೆ, ಶತ್ರುವನ್ನು ಗುರಿಯಾಗಿಸಿದರೆ ಪ್ರಹಾರ—ಹೀಗೆ ಒಂದೇ ಗುಂಡಿ ಎರಡು ಕೆಲಸ ಮಾಡಬಲ್ಲದು. ಇಲ್ಲಿ ಬೆರಳಿನ ಶ್ರಮ ಉಳಿಯಿತು. ಯಾರನ್ನು, ಎಂದು ಎಂಬ ನಿರ್ಣಯ ಆಟಗಾರನಲ್ಲಿಯೇ ನಿಂತಿತು. ಇದು ದೋಷವಲ್ಲ, ಕೌಶಲ.

ಆದರೆ ಈ ಮಿತಿ ಬಹುಕಾಲ ನಿಲ್ಲಲಿಲ್ಲ. ಆರಂಭದ ವರ್ಷಗಳಲ್ಲಿ ನಲವತ್ತು ಮಂದಿ ಒಟ್ಟಾಗಿ ಕಾದಬೇಕಾದ ಮಹಾಯುದ್ಧಗಳಿದ್ದುವು. ಶತ್ರುವಿನ ಶಾಪ ತಗುಲಿದ ಸಂಗಡಿಗನನ್ನು ಗುರುತಿಸಿ ಪರಿಹಾರ ಮಾಡುವುದು ಚಿಕಿತ್ಸಕರ ಧರ್ಮ. ‘ಡಿಕರ್ಸಿವ್’ ಎಂಬ ಸ್ಕ್ರಿಪ್ಟು ಬಂದಮೇಲೆ ಒಂದೇ ಗುಂಡಿಯನ್ನು ಒತ್ತುತ್ತಿದ್ದರೆ ಸಾಕಾಯಿತು; ಪೀಡಿತನನ್ನು ಹುಡುಕುವುದೂ ಮಂತ್ರವನ್ನು ಆರಿಸುವುದೂ ಅದರ ಪಾಲಾಯಿತು. ಕಣ್ಣಿಗೂ ಬುದ್ಧಿಗೂ ಕೆಲಸ ತಪ್ಪಿತು. 2006ರ ಡಿಸೆಂಬರಿನ ಪರಿಷ್ಕರಣವು, ಯುದ್ಧದ ನಡುವೆ ಗುರಿಯನ್ನೂ ಮಂತ್ರವನ್ನೂ ಸ್ಕ್ರಿಪ್ಟು ತಾನಾಗಿ ಆರಿಸುವುದನ್ನು ತಡೆಯಿತು. ಕೈಗೆ ನೆರವು ಸಲ್ಲುವುದು, ನಿರ್ಣಯಕ್ಕೆ ಸಲ್ಲದು ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಯಿತು.

ಈ ತತ್ತ್ವದ ಸಂಪೂರ್ಣ ಉಲ್ಲಂಘನೆ ‘ಗ್ಲೈಡರ್’ ಎಂಬ ಸಾಧನದಲ್ಲಿ ಕಾಣುತ್ತದೆ. ಆಟಗಾರನು ನಿದ್ರಿಸುತ್ತಿದ್ದರೂ ಅವನ ಪಾತ್ರವನ್ನು ನಡೆಸಿ, ಕಾದಿಸಿ, ಮೇಲಿನ ಮಟ್ಟಕ್ಕೇರಿಸುವ ಈ ಯಂತ್ರದ ಪರವಾನಗಿಗಳು, ನ್ಯಾಯಾಲಯದ ದಾಖಲೆಯ ಪ್ರಕಾರ, 2008ರ ವೇಳೆಗೆ 1,20,000ದಷ್ಟು ಮಾರಾಟವಾಗಿದ್ದುವು. ಬ್ಲಿಜರ್ಡಿನ ವ್ಯಾಜ್ಯದಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ಸೂಕ್ಷ್ಮವಾದ ತೀರ್ಪನ್ನಿತ್ತಿತು: ಆಟದ ನಿಯಮವನ್ನು ಮುರಿದ ಮಾತ್ರಕ್ಕೆ ಕೃತಿಸ್ವಾಮ್ಯದ ಭಂಗವಾಗದು, ಆದರೆ ಕೃತಿಯ ರಕ್ಷಣೋಪಾಯವನ್ನು ವಂಚಿಸುವ ಸಾಧನದ ವ್ಯಾಪಾರ ಕಾನೂನುಬಾಹಿರ. ಕಾನೂನಿನ ಮಾತಿರಲಿ, ಆಟದೊಳಗಿನ ಸಮಾಜಕ್ಕಾದ ಹಾನಿ ಬೇರೆಯದು. ನಿದ್ರೆಯಿಲ್ಲದ ಯಂತ್ರಗಳು ಚಿನ್ನವನ್ನು ರಾಶಿಹಾಕಿದರೆ ಆ ಲೋಕದ ನಾಣ್ಯದ ಬೆಲೆ ಇಳಿಯುತ್ತದೆ. ಸ್ವಂತ ಕೈಯಿಂದ ಗಳಿಸಿದವನ ಶ್ರಮ ಹಗುರವಾಗುತ್ತದೆ.

ಇಷ್ಟಾದರೂ ದೋಷವೆಲ್ಲ ಆಟಗಾರನದೇ ಎನ್ನುವುದು ನ್ಯಾಯವಲ್ಲ. ಹಣ ಕೊಟ್ಟು ಕೊಂಡ ಆಟವನ್ನು ಆಡದೆ ಇರುವುದಕ್ಕಾಗಿ ಮತ್ತೆ ಹಣ ತೆರುವವನಿದ್ದಾನೆಂದರೆ, ಆ ಕೃತಿಯಲ್ಲಿ ರಸಹೀನವಾದ ಭಾಗ ಇದೆಯೆಂದೇ ಅರ್ಥ. ಒಂದೇ ಮೃಗವನ್ನು ನೂರು ಸಲ ಕೊಲ್ಲಿಸುವುದು ಕ್ರೀಡೆಯಲ್ಲ, ಕೂಲಿ. ಆಯ್ಕೆಯಿಲ್ಲದ ಶ್ರಮವನ್ನು ನಿರ್ಮಾಪಕ ಎಲ್ಲಿ ಹೇರಿದ್ದಾನೆಯೋ ಅಲ್ಲಿಯೇ ಸ್ಕ್ರಿಪ್ಟು ಹುಟ್ಟುತ್ತದೆ. ಈ ದೃಷ್ಟಿಯಿಂದ ಪ್ರತಿಯೊಂದು ಸ್ಕ್ರಿಪ್ಟೂ ಮೂಲಕೃತಿಯ ಮೇಲೆ ಆಟಗಾರ ಬರೆದ ವಿಮರ್ಶೆ. ಇಂತಿಂಥ ಭಾಗದಲ್ಲಿ ಮನುಷ್ಯನಿಗೆ ಕೆಲಸವಿಲ್ಲವೆಂಬ ಅವನ ಟಿಪ್ಪಣಿ.

ಆ ವಿಮರ್ಶೆಗೆ ನಿರ್ಮಾಪಕರೂ ತಲೆಬಾಗಿದಂತಿದೆ. 2025ರಲ್ಲಿ ಬ್ಲಿಜರ್ಡ್ ಸಂಸ್ಥೆಯೇ ಅಂಥದೊಂದು ಗುಂಡಿಯನ್ನು ಆಟದಲ್ಲಿ ಅಳವಡಿಸಿತು. ಅದನ್ನು ಒತ್ತಿದಾಗಲೆಲ್ಲ ಮುಂದಿನ ಪ್ರಯೋಗವನ್ನು ಆಟವೇ ಆರಿಸುತ್ತದೆ. ಆ ಸೌಲಭ್ಯಕ್ಕೆ ಸುಂಕವೆಂಬಂತೆ ಪ್ರಯೋಗಗಳ ನಡುವಿನ ಅಂತರ ತುಸು ಹೆಚ್ಚುತ್ತದೆ. ಹಿಂದೆ ನಿಷೇಧಿಸಿದ್ದನ್ನು ಇಂದು ತಾನೇ ಕೊಟ್ಟಿತೆಂದು ನಗುವುದು ಸುಲಭ. ಆದರೆ ಕೈನೋವಿನವನೂ ಹೊಸಬನೂ ಇದರಿಂದ ಕ್ರೀಡಾಂಗಣಕ್ಕೆ ಬರಬಲ್ಲರು. ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು, ಯಾರನ್ನು ಎದುರಿಸಬೇಕು ಎಂಬುದು ಇನ್ನೂ ಅವರದೇ. ಆದುದರಿಂದ ಪರೀಕ್ಷೆ ಯಂತ್ರ ಎಷ್ಟನ್ನು ಮಾಡಿತೆಂಬುದಲ್ಲ, ಮನುಷ್ಯನಿಗೆ ಏನನ್ನು ಉಳಿಸಿತೆಂಬುದು. ಒಂದಾದರೂ ನಿಜವಾದ ನಿರ್ಣಯ ಉಳಿದಿದ್ದರೆ ಅದು ಕ್ರೀಡೆ. ಉಳಿಯದಿದ್ದರೆ, ಪರದೆಯ ಮೇಲೆ ಎಷ್ಟು ಖಡ್ಗಗಳು ಮಿಂಚಿದರೂ, ಅಲ್ಲಿ ಆಡುವವನಿಲ್ಲ.