ತನಿಖೆಗೆ ಬಂದ ಕವಿ

ಹಳ್ಳಿ ಶಾಲೆಗೆ ಸಾಹಿತಿ ಬಂದರೆ ಸಾಮಾನ್ಯವಾಗಿ ಒಂದು ಹಾರ, ಒಂದು ಭಾಷಣ. ಪಂಜೆ ಮಂಗೇಶರಾಯರು (1874–1937) ದಕ್ಷಿಣ ಕನ್ನಡದ ಶಾಲೆಗಳಿಗೆ ಹೋಗುತ್ತಿದ್ದುದು ತನಿಖಾಧಿಕಾರಿಯಾಗಿ. ಇನ್‌ಸ್ಪೆಕ್ಟರ್ ಎಂದರೆ ಮಕ್ಕಳಿಗಿಂತ ಮಾಷ್ಟ್ರಿಗೇ ಹೆಚ್ಚು ನಡುಕವಿದ್ದ ಕಾಲ. ಅಂಥ ಹುದ್ದೆಯಲ್ಲಿದ್ದವರು ಮಕ್ಕಳಿಗಾಗಿ ಕಥೆ ಕಟ್ಟಿದರು, ಹಾಡು ಬರೆದರು. ಹೆಸರಿನ ಜಾಗದಲ್ಲಿ 'ಕವಿಶಿಷ್ಯ' ಎಂದಷ್ಟೇ ಹಾಕಿಕೊಂಡರು.

ಅವರ 'ನಾಗರಹಾವು' ಪದ್ಯದ ಕುಸುರಿ ನೋಡಬೇಕು. ಪ್ರತಿ ನುಡಿಯ ತುದಿಯಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬಡಿಯುತ್ತದೆ. ಓದಲು ಬಾರದ ಕೂಸೂ ಅಲ್ಲಿ ದನಿಗೂಡಿಸಬಹುದು. ಮೊದಲು ಹಾವನ್ನು ಕೈಮುಗಿದು ಕರೆಯುವ ಮಗು, ಕೊನೆಗೆ ಹೊರಟುಹೋಗು ಎನ್ನುತ್ತದೆ. ಅಕ್ಕರೆ, ಕುತೂಹಲ, ಭಯ ಮೂರನ್ನೂ ಇಷ್ಟು ಪುಟ್ಟ ಜಾಗದಲ್ಲಿ ಹಿಡಿದ ಇನ್ನೊಂದು ಶಿಶುಗೀತೆ ನನಗೆ ಕಂಡಿಲ್ಲ.

ಪಂಜೆಯವರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು. ತುಳುನಾಡಿನ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದರು. ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾದಾಗ ಕೊಡವ ಮಾತಿನ ಸೀಮೆಗೆ 'ಹುತ್ತರಿ ಹಾಡು' ಬರೆದುಕೊಟ್ಟರು. ಆಗ ಕೊಡಗು ಬೇರೆಯೇ ಪ್ರಾಂತ. ಹೊರಗಿನಿಂದ ಬಂದ ಮೇಷ್ಟರ ಆ ಹಾಡನ್ನು ಕೊಡಗು ತನ್ನದೆಂದೇ ಎದೆಗೊತ್ತಿಕೊಂಡಿತು. ಈ ನೆಲ ನಿಮ್ಮದು ಎಂದು ಮಕ್ಕಳಿಗೆ ಉಪದೇಶಿಸುವವರು ಬಹಳ. ಆ ನೆಲದ ಬೆಟ್ಟ, ಹೊಳೆ, ಹಬ್ಬಗಳನ್ನು ಹಾಡಾಗಿಸಿ ಅವರ ನಾಲಗೆಗೆ ಕೊಟ್ಟವರು ಪಂಜೆ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಮಕ್ಕಳಿಗಾಗಿ ಬರೆದವರಿಗೆ ಆ ಮನ್ನಣೆ ದೊರೆತದ್ದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.