ಹೆಸರಿಲ್ಲದ ಕರಪತ್ರ: ಚುನಾವಣಾ ನಿಂದೆಯ ಒಂದು ಪರಾಮರ್ಶೆ

2019ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಮಹಿಳಾ ರಾಜಕಾರಣಿಗಳನ್ನು ಕುರಿತು ಟ್ವಿಟರಿನಲ್ಲಿ ಹರಿದ ನಿಂದೆಯ ವಿಷಯವಾಗಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾ ಸಂಸ್ಥೆಯು 2020ರ ಜನವರಿಯಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ನಮ್ಮ ಚುನಾವಣೆಗಳ ಇತಿಹಾಸವನ್ನು ಮುಂದೆ ಬರೆಯುವವರಿಗೆ ಇದು ಮುಖ್ಯ ಆಕರವಾಗುವುದರಲ್ಲಿ ಸಂದೇಹವಿಲ್ಲ. ಆದುದರಿಂದ ಅದರ ಬಲಾಬಲಗಳನ್ನು ಪರಿಶೀಲಿಸುವುದು ಉಚಿತವಾಗಿದೆ.

ಆ ವರ್ಷದ ಮಾರ್ಚಿಯಿಂದ ಮೇ ತಿಂಗಳವರೆಗೆ 95 ಮಂದಿ ಮಹಿಳೆಯರನ್ನು ಉದ್ದೇಶಿಸಿ ಬರೆದ ಟ್ವೀಟುಗಳಲ್ಲಿ 1,14,716ನ್ನು ಸ್ವಯಂಸೇವಕರು ಓದಿ ವಿಂಗಡಿಸಿದರು. ನಿಂದಾತ್ಮಕವಾದವು ಅಥವಾ ಆಕ್ಷೇಪಾರ್ಹವಾದವು ಶೇಕಡಾ 13.8, ಎಂದರೆ ಸುಮಾರು ಏಳರಲ್ಲಿ ಒಂದು. ಮುಸ್ಲಿಂ ಮಹಿಳೆಯರು ಎದುರಿಸಿದ ಜನಾಂಗೀಯ ಹಾಗೂ ಮತೀಯ ಹೀಯಾಳಿಕೆ ಇತರ ಮತಗಳ ಮಹಿಳೆಯರಿಗಿಂತ ಶೇಕಡಾ 94.1ರಷ್ಟು ಅಧಿಕ. ಚುನಾವಣೆಯೆಂದ ಮೇಲೆ ಬೈಗುಳ ಇದ್ದದ್ದೇ ಎಂಬ ಲೋಕರೂಢಿಯ ಸಮಾಧಾನವನ್ನು ಈ ಅಂಕಿಗಳು ಅಲುಗಾಡಿಸುತ್ತವೆ. ಬೈಗುಳ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ವರದಿಯ ಮಿತಿಗಳೂ ಗಮನಾರ್ಹವಾಗಿವೆ. ಪುರುಷರಿಗೆ ಬಂದ ಟ್ವೀಟುಗಳನ್ನು ಎಣಿಸಿಲ್ಲವಾದ್ದರಿಂದ, ಈ ನಿಂದೆಯಲ್ಲಿ ರಾಜಕಾರಣಿಯೆಂಬ ಕಾರಣಕ್ಕೆ ಬಂದುದೆಷ್ಟು, ಸ್ತ್ರೀಯೆಂಬ ಕಾರಣಕ್ಕೆ ಬಂದುದೆಷ್ಟು ಎಂದು ಬೇರ್ಪಡಿಸಲಾಗದು. ಅದಕ್ಕಿಂತಲೂ ದೊಡ್ಡ ಪ್ರಶ್ನೆಯೊಂದಿದೆ: ನಿಂದೆ ಎಷ್ಟೆಂಬುದು ಎಣಿಕೆಯಿಂದ ತಿಳಿಯಿತು, ಅದರ ಹೊಣೆ ಯಾರದು?

ಈ ಪ್ರಶ್ನೆಗೆ ನಮ್ಮ ಕಾನೂನು ಮುದ್ರಣಯುಗದಲ್ಲಿ ಉತ್ತರವನ್ನು ಕಂಡುಕೊಂಡಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1961ರಲ್ಲಿ ಸೇರಿಸಲಾದ 127ಎ ಪ್ರಕರಣದಂತೆ, ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳಿಲ್ಲದೆ ಚುನಾವಣೆಯ ಕರಪತ್ರವಾಗಲಿ ಭಿತ್ತಿಪತ್ರವಾಗಲಿ ಅಚ್ಚಾಗಕೂಡದು. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದೇ ಕಾಯಿದೆಯ 123ನೆಯ ಪ್ರಕರಣವು ಉಮೇದುವಾರನ ಶೀಲವನ್ನು ಕುರಿತ ಸುಳ್ಳು ಹೇಳಿಕೆಯನ್ನು ಭ್ರಷ್ಟ ಆಚರಣೆಯೆಂದು ಪರಿಗಣಿಸುತ್ತದೆ. ಆದರೆ ಅದು ಎದುರಾಳಿಯಿಂದಾಗಲಿ, ಅವನ ಏಜೆಂಟನಿಂದಾಗಲಿ, ಅವರ ಸಮ್ಮತಿ ಪಡೆದವನಿಂದಾಗಲಿ ಬಂದಿರಬೇಕು. ಅನಾಮಧೇಯರು ಸಾವಿರಗಟ್ಟಲೆ ಬರೆಯುವಲ್ಲಿ ಸಮ್ಮತಿಯನ್ನು ಸಿದ್ಧಪಡಿಸುವುದು ದುಸ್ಸಾಧ್ಯ. ಮೇಲಾಗಿ ಬರಿಯ ಬೈಗುಳವು ಹೇಳಿಕೆಯೇ ಅಲ್ಲ. ಸುಳ್ಳೆಂದು ಸ್ಥಾಪಿಸಲು ಅದರಲ್ಲಿ ಸಂಗತಿಯೇ ಇರುವುದಿಲ್ಲ.

ಹಾಗಾದರೆ ಬರೆಯುವವರೆಲ್ಲರೂ ನಿಜನಾಮವನ್ನು ಪ್ರಕಟಿಸಲಿ ಎಂಬ ವಾದವುಂಟು. ಇದನ್ನು ಒಪ್ಪುವುದು ಕಷ್ಟ. ಊರಿನ ಪ್ರಬಲರನ್ನು ಟೀಕಿಸುವ ದುರ್ಬಲನಿಗೆ ಹೆಸರಿನ ಮರೆಯೇ ರಕ್ಷೆ. ಮತದಾನವನ್ನು ಗುಪ್ತವಾಗಿಟ್ಟಿರುವುದೂ ಇದೇ ಕಾರಣದಿಂದ. 1961ರ ನಿಯಮವು ಲೇಖಕನ ಹೆಸರನ್ನು ಕೇಳಲಿಲ್ಲ, ಅಚ್ಚು ಹಾಕಿ ಹಂಚಿದವರ ಹೆಸರನ್ನು ಕೇಳಿತು ಎಂಬುದನ್ನು ಮರೆಯಬಾರದು. ಅದೇ ನ್ಯಾಯದಿಂದ ಇಂದು ಹೊಣೆ ಹೊರಬೇಕಾದುದು ನಿಂದೆಯನ್ನು ಪಸರಿಸಿ ಲಾಭ ಪಡೆಯುವ ಜಾಲತಾಣ. 2019ರ ಮಾರ್ಚಿಯಲ್ಲಿ ಜಾಲತಾಣಗಳು ಸ್ವಯಂಪ್ರೇರಿತ ಸಂಹಿತೆಯೊಂದನ್ನು ಒಪ್ಪಿಕೊಂಡುವು. ಆದರೆ ಮೂರು ಗಂಟೆಗಳೊಳಗೆ ಕ್ರಮ ಕೈಗೊಳ್ಳುವ ಮಾತು ಅದರಲ್ಲಿ ಬಂದುದು ಮತದಾನಕ್ಕೆ ಮುಂಚಿನ 48 ಗಂಟೆಗಳ ನಿಷೇಧವನ್ನು ಮೀರಿದ ಪ್ರಚಾರಕ್ಕೆ ಸಂಬಂಧಿಸಿ. ವ್ಯಕ್ತಿನಿಂದೆಗೆ ಸಂಬಂಧಿಸಿ ಅಲ್ಲ.

ಆ ಚುನಾವಣೆಯಲ್ಲಿ 78 ಮಂದಿ ಮಹಿಳೆಯರು ಲೋಕಸಭೆಗೆ ಆಯ್ಕೆಯಾದರು, 2024ರಲ್ಲಿ 74. ಈ ಇಳಿತಕ್ಕೆ ನಿಂದೆಯೇ ಕಾರಣವೆನ್ನಲು ಆಧಾರವಿಲ್ಲ. ಗೆದ್ದವರ, ಸೋತವರ, ಉಮೇದುವಾರಿಕೆಯನ್ನು ಹಿಂತೆಗೆದುಕೊಂಡವರ ಪಟ್ಟಿಗಳು ಇತಿಹಾಸಕಾರನಿಗೆ ದೊರೆಯುತ್ತವೆ. ನಿಂದೆಗೆ ಅಂಜಿ ನಾಮಪತ್ರವನ್ನೇ ಸಲ್ಲಿಸದವಳ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.