ಮಂದಗಾಮಿಯೇ, ಉದಾರವಾದಿಯೇ? ಗೋಖಲೆಯವರ ಮೂರು ಶಾಸನಸಭಾ ನಿಲುವುಗಳನ್ನು ಕುರಿತು

ಕನ್ನಡದ ಚರಿತ್ರೆಯ ಪಠ್ಯಗಳಲ್ಲಿಯೂ ರಾಜಕೀಯ ಚಿಂತನೆಯನ್ನು ಕುರಿತ ವಿಮರ್ಶಾ ಬರಹಗಳಲ್ಲಿಯೂ ‘ಮಂದಗಾಮಿ’, ‘ಸೌಮ್ಯವಾದಿ’, ‘ಉದಾರವಾದಿ’, ‘ಮಧ್ಯಮಮಾರ್ಗಿ’ ಎಂಬ ನಾಲ್ಕು ಪದಗಳು ಬಹುಮಟ್ಟಿಗೆ ಪರ್ಯಾಯ ಪದಗಳಂತೆ ಬಳಕೆಯಾಗುತ್ತ ಬಂದಿವೆ. ಗೋಪಾಲಕೃಷ್ಣ ಗೋಖಲೆಯವರನ್ನು ಒಂದು ಪುಟದಲ್ಲಿ ಮಂದಗಾಮಿಗಳ ನಾಯಕರೆಂದು, ಮುಂದಿನ ಪುಟದಲ್ಲಿ ಉದಾರವಾದಿಯೆಂದು ಕರೆದು, ಇವೆರಡರ ನಡುವೆ ಯಾವ ಅಂತರವೂ ಇಲ್ಲವೆಂಬಂತೆ ಲೇಖಕರು ಮುಂದೆ ಸಾಗುತ್ತಾರೆ. ಇದು ಕೇವಲ ಪರಿಭಾಷೆಯ ಸಡಿಲಿಕೆಯೆಂದು ಬಿಟ್ಟುಬಿಡಬಹುದಾದ ಸಂಗತಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಉದಾರವಾದವೆಂಬುದು ವ್ಯಕ್ತಿಯ ಮೇಲೆ ಅಧಿಕಾರವು ಎಲ್ಲಿಯವರೆಗೆ ಕೈಚಾಚಬಹುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಮಧ್ಯಮಮಾರ್ಗವೆಂಬುದು ಇತರರು ನಿಂತ ಸ್ಥಳಗಳನ್ನು ನೋಡಿಕೊಂಡು ತಾನು ನಿಲ್ಲಬೇಕಾದ ಸ್ಥಳವನ್ನು ನಿರ್ಣಯಿಸುವ ಕ್ರಮ. ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಬರಬಹುದು. ಗೋಖಲೆಯವರಲ್ಲಿ ಕೂಡಿಯೇ ಬಂದಿದ್ದವು. ಆದರೆ ಅವು ಬೇರೆಬೇರೆಯಾದ ಗಳಿಗೆಯೊಂದು ಅವರ ಜೀವನದಲ್ಲಿಯೇ ಒದಗಿತು. ಅದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಪದಗಳ ವಿಚಾರ. ‘ಉದಾರ’ ಶಬ್ದಕ್ಕೆ ನಮ್ಮಲ್ಲಿ ದೀರ್ಘವಾದ ಕಾವ್ಯಪರಂಪರೆಯಿದೆ. ಅದು ದಾನಿಯ ಗುಣ, ದೊರೆಯ ಗುಣ. ಉದಾರಿಯಾದವನು ಕೊಡುತ್ತಾನೆ, ಮತ್ತೊಬ್ಬನು ಪಡೆಯುತ್ತಾನೆ. ಹಕ್ಕು ಎಂಬ ಕಲ್ಪನೆಗೆ ಈ ಸಂಬಂಧದಲ್ಲಿ ಎಡೆಯಿಲ್ಲ. ‘ಉದಾರವಾದಿ’ ಎಂದೊಡನೆ ಕನ್ನಡದ ಓದುಗನ ಮನಸ್ಸಿನಲ್ಲಿ ದೊಡ್ಡ ಮನಸ್ಸಿನ, ಹೊಂದಿಕೊಂಡು ಹೋಗುವ ಸಜ್ಜನನೊಬ್ಬನ ಚಿತ್ರ ಮೂಡುವುದಕ್ಕೆ ಇದೇ ಕಾರಣವಿರಬೇಕು. 1991ರ ಅನಂತರ ‘ಉದಾರೀಕರಣ’ವೆಂಬ ಪದ ಪತ್ರಿಕೆಗಳಲ್ಲಿ ನೆಲೆಯೂರಿದ ಮೇಲಂತೂ ಗೊಂದಲ ಇಮ್ಮಡಿಯಾಯಿತು. ‘ಮಂದಗಾಮಿ’ಯು ನಡಿಗೆಯ ವೇಗವನ್ನು ಮಾತ್ರ ಹೇಳುತ್ತದೆ, ಹೋಗುವ ಊರನ್ನು ಹೇಳುವುದಿಲ್ಲ. ‘ಕೇಂದ್ರ’ವೆಂಬ ಮಾತು ನಮ್ಮ ರಾಜಕೀಯ ಭಾಷೆಯಲ್ಲಿ ಒಕ್ಕೂಟದ ಸರ್ಕಾರಕ್ಕೆ ಮೀಸಲಾಗಿಹೋಗಿರುವುದರಿಂದ ‘ಕೇಂದ್ರವಾದಿ’ ಎಂದರೆ ದೆಹಲಿಯ ಪಕ್ಷಪಾತಿ ಎಂದೇ ಅರ್ಥವಾದೀತು. ದೆಹಲಿಯಲ್ಲಿಯೇ ಇರುವ ನಮ್ಮ ವಾಚಕರಿಗೆ ಈ ಶ್ಲೇಷೆ ಹೊಸದಲ್ಲ. ಇನ್ನು ‘ಮಧ್ಯಮಮಾರ್ಗ’ಕ್ಕೆ ಬೌದ್ಧ ಪರಂಪರೆಯ ಗೌರವ ಅಂಟಿಕೊಂಡಿದೆ. ಭೋಗ ಮತ್ತು ದೇಹದಂಡನೆ ಎರಡನ್ನೂ ತಿರಸ್ಕರಿಸಿ ಬುದ್ಧನು ಹಿಡಿದ ದಾರಿ ಆ ಎರಡರ ಸರಾಸರಿಯಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಎಡ, ಬಲ ಎಂಬ ವಿಂಗಡಣೆ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಸದಸ್ಯರು ಕುಳಿತ ಕ್ರಮದಿಂದ ಹುಟ್ಟಿತು. ನಡುವಿನ ಆಸನಕ್ಕೆ ಸ್ವಂತದ ಅಳತೆಯಿಲ್ಲ. ಇಕ್ಕೆಲದವರು ಸರಿದರೆ ಅದೂ ಸರಿಯುತ್ತದೆ. ಉದಾರವಾದಿಯ ಗೆರೆ ಹೀಗೆ ಸರಿಯುವುದಿಲ್ಲ, ಅಥವಾ ಸರಿಯಬಾರದು. ಶಾಂತ ಕಾಲದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆಡಳಿತವು ‘ಇದು ಅಸಾಧಾರಣ ಸಂದರ್ಭ’ ಎಂದು ಹೇಳಿ ವಿಶೇಷಾಧಿಕಾರವನ್ನು ಕೇಳಿದಾಗ ಮಾತ್ರ ಅದು ಬಯಲಾಗುತ್ತದೆ.

ಗೋಖಲೆಯವರು ಸಾಮ್ರಾಜ್ಯ ಶಾಸನಸಭೆಯಲ್ಲಿ ತಳೆದ ಮೂರು ನಿಲುವುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡೋಣ. ಮೊದಲನೆಯದು 1907ರ ನವೆಂಬರಿನ ರಾಜದ್ರೋಹಸಭಾ ನಿಯಂತ್ರಣ ಮಸೂದೆ. ಆ ವರ್ಷದ ಮೇ ತಿಂಗಳಲ್ಲಿ ಲಾಲಾ ಲಜಪತರಾಯರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡಲಾಗಿತ್ತು. ಸಾರ್ವಜನಿಕ ಸಭೆಗಳ ಮೇಲೆ ಸರ್ಕಾರಕ್ಕೆ ಹತೋಟಿ ಕೊಡುವ ಈ ಮಸೂದೆಯನ್ನು ಗೋಖಲೆ ಮತ್ತು ರಾಸ್‌ಬಿಹಾರಿ ಘೋಷ್ ವಿರೋಧಿಸಿದರು. ಮರುತಿಂಗಳೇ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆಯಿತು. ಅಲ್ಲಿ ಅಧ್ಯಕ್ಷ ಪೀಠದಲ್ಲಿದ್ದವರು ಇದೇ ಘೋಷ್, ತೀವ್ರಗಾಮಿಗಳಿಗೆ ಎದುರಾಗಿ ನಿಂತವರಲ್ಲಿ ಪ್ರಮುಖರು ಇದೇ ಗೋಖಲೆ. ಯಾರ ಮಾತನ್ನು ತಾವು ಒಪ್ಪುತ್ತಿರಲಿಲ್ಲವೋ ಅವರ ಸಭೆ ಸೇರುವ ಹಕ್ಕನ್ನು ಅವರು ನವೆಂಬರಿನಲ್ಲಿ ಸಮರ್ಥಿಸಿದ್ದರು. ಆ ಹಕ್ಕನ್ನು ಸಮರ್ಥಿಸಿದೆವೆಂಬ ಕಾರಣಕ್ಕೆ ಡಿಸೆಂಬರಿನಲ್ಲಿ ಅವರ ಮಾತನ್ನು ಒಪ್ಪಲೂ ಇಲ್ಲ. ಉದಾರವಾದಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವನ್ನು ನಮ್ಮ ಚರಿತ್ರೆಯಲ್ಲಿ ಹುಡುಕುವುದು ಸುಲಭವಲ್ಲ.

ಎರಡನೆಯದು 1910ರ ಫೆಬ್ರವರಿಯ ಪತ್ರಿಕಾ ಶಾಸನ. ಹಿಂದಿನ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜ್ಯಾಕ್ಸನ್ನನ ಕೊಲೆಯಾಗಿತ್ತು. ಜನವರಿಯಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದಲ್ಲಿಯೇ ಪೊಲೀಸ್ ಅಧಿಕಾರಿಯೊಬ್ಬನನ್ನು ಗುಂಡಿಟ್ಟು ಕೊಲ್ಲಲಾಗಿತ್ತು. ಮುದ್ರಣಾಲಯಗಳಿಂದ ಭದ್ರತಾ ಠೇವಣಿಯನ್ನು ಕೇಳುವ, ‘ಆಕ್ಷೇಪಾರ್ಹ’ ಬರಹ ಕಂಡುಬಂದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಸರ್ಕಾರ ಕೇಳಿತು. ಭಾರತೀಯ ಸದಸ್ಯರಲ್ಲಿ ಮದನಮೋಹನ ಮಾಲವೀಯ ಮತ್ತು ಭೂಪೇಂದ್ರನಾಥ ಬಸು ವಿರೋಧಿಸಿದರು. ಗೋಖಲೆ ವಿರೋಧಿಸಲಿಲ್ಲ. ಸಾಮಾನ್ಯ ಕಾಲವಾಗಿದ್ದರೆ ಇಂಥ ಮಸೂದೆಯನ್ನು ಬಲವಾಗಿ ಪ್ರತಿಭಟಿಸುತ್ತಿದ್ದೆವು, ಆದರೆ ಪರಿಸ್ಥಿತಿ ಗಂಭೀರವಾಗಿದೆ ಎಂಬುದು ಅವರ ವಾದದ ಸಾರ.

ಈ ಎರಡು ನಿಲುವುಗಳ ನಡುವೆ ಬದಲಾದದ್ದೇನು? ಸರ್ಕಾರ ಕೇಳಿದ ಅಧಿಕಾರದ ಸ್ವರೂಪ ಬದಲಾಗಲಿಲ್ಲ; ಬದಲಾದದ್ದು ಇಕ್ಕೆಲದವರು. ಒಂದು ಕಡೆ ಪಿಸ್ತೂಲು ಹಿಡಿದ ಯುವಕರು ಬಂದಿದ್ದರು. ಇನ್ನೊಂದು ಕಡೆ ಮಾರ್ಲೆ–ಮಿಂಟೋ ಸುಧಾರಣೆಗಳ ಫಲವಾದ ಹೊಸ ಶಾಸನಸಭೆ ಆಗತಾನೆ ಕಣ್ಣು ಬಿಟ್ಟಿತ್ತು, ಅದನ್ನು ಉಳಿಸಿಕೊಳ್ಳುವ ಕಾತರ ಗೋಖಲೆಯವರಲ್ಲಿತ್ತು. ಇಕ್ಕೆಲಗಳು ಸರಿದೊಡನೆ ನಡುವೂ ಸರಿಯಿತು, ನಡುವಿನಲ್ಲಿ ನಿಂತವರೂ ಸರಿದರು. ಇದನ್ನು ವಿವೇಕವೆಂದು ಸಮರ್ಥಿಸುವವರುಂಟು. ರಾಜಕಾರಣಿಗೆ ಕಾಲಜ್ಞಾನ ಬೇಡವೇ ಎಂದು ಅವರು ಕೇಳುತ್ತಾರೆ. ಬೇಕು. ಆದರೆ ಮಸೂದೆ ಅಂಗೀಕಾರವಾದ ಮೇಲೆ ಅದರ ಕೈಗೆ ಸಿಕ್ಕವರು ಯಾರೆಂಬುದನ್ನೂ ನೋಡಬೇಕು. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯ ಠೇವಣಿ ಮುಟ್ಟುಗೋಲಾದದ್ದು ಇದೇ ಶಾಸನದ ಮೇರೆಗೆ. ಅವರು ಬಾಂಬು ಎಸೆಯುವವರಾಗಿರಲಿಲ್ಲ, ಸ್ವಯಮಾಡಳಿತವನ್ನು ಕೇಳುತ್ತಿದ್ದರು. ಅಸಾಧಾರಣ ಸಂದರ್ಭಕ್ಕೆಂದು ಕೊಟ್ಟ ಅಧಿಕಾರ ಹನ್ನೆರಡು ವರ್ಷ ಬಾಳಿತು. ಕೊನೆಗೆ ಅದನ್ನು ರದ್ದುಗೊಳಿಸಬೇಕೆಂದು ಶಿಫಾರಸು ಮಾಡಿದ 1921ರ ಸಮಿತಿಯ ಅಧ್ಯಕ್ಷರು ಮತ್ತೊಬ್ಬ ಉದಾರವಾದಿ, ತೇಜ್‌ಬಹಾದೂರ್ ಸಪ್ರೂ. 1922ರಲ್ಲಿ ಶಾಸನ ರದ್ದಾಯಿತು. ಗೋಖಲೆ 1915ರಲ್ಲಿಯೇ ತೀರಿಕೊಂಡಿದ್ದರು.

ಮೂರನೆಯದು 1911ರ ಪ್ರಾಥಮಿಕ ಶಿಕ್ಷಣ ಮಸೂದೆ. ಇದರ ಕ್ರಮ ಅತ್ಯಂತ ಮಂದ. ಕಡ್ಡಾಯವನ್ನು ದೇಶದ ಮೇಲೆ ಒಮ್ಮೆಗೇ ಹೇರುವಂತಿಲ್ಲ. ನಿಗದಿಯಾದ ಪ್ರಮಾಣದಲ್ಲಿ ಮಕ್ಕಳು ಈಗಾಗಲೇ ಶಾಲೆಗೆ ಬರುತ್ತಿರುವ ಕಡೆ, ಸ್ಥಳೀಯ ಸಂಸ್ಥೆಗಳು ಇಚ್ಛಿಸಿದರೆ, ಸರ್ಕಾರದ ಮಂಜೂರಾತಿ ಪಡೆದು, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಜಾರಿಗೆ ತರಬಹುದು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ವರಮಾನದವರಿಂದ ಶುಲ್ಕವಿಲ್ಲ. ಇಷ್ಟು ಎಚ್ಚರದ ಮಸೂದೆಯೂ 1912ರ ಮಾರ್ಚಿನಲ್ಲಿ 13ಕ್ಕೆ ವಿರುದ್ಧವಾಗಿ 38 ಮತಗಳಿಂದ ಬಿದ್ದುಹೋಯಿತು. ಬೀಳುವುದೆಂದು ಗೋಖಲೆಯವರಿಗೆ ತಿಳಿಯದಿರಲಿಲ್ಲ. ಸರ್ಕಾರ ಒಪ್ಪಲಾರದ, ಭಾರತೀಯ ಸದಸ್ಯರಲ್ಲಿಯೂ ಹಲವರಿಗೆ ಬೇಡವಾದ ಪ್ರಸ್ತಾಪಕ್ಕೆ ಅವರು ಕೊನೆಯವರೆಗೂ ಅಂಟಿಕೊಂಡರು. ನಡುವಿನ ಸ್ಥಾನವನ್ನು ಕಾಯುವವನು ಹೀಗೆ ಮಾಡುವುದಿಲ್ಲ. (ಮೈಸೂರು ಸಂಸ್ಥಾನ 1913ರಲ್ಲಿ ಇದೇ ಬಗೆಯ ಶಾಸನವನ್ನು ತಂದಿತೆಂಬುದು ಕನ್ನಡಿಗರು ಸಮಾಧಾನಪಡಬಹುದಾದ ಸಂಗತಿ.) ಕ್ರಮದಲ್ಲಿ ಮಂದತೆ, ತತ್ತ್ವದಲ್ಲಿ ಅಚಲತೆ ಎರಡೂ ಒಂದೇ ಕರಡಿನಲ್ಲಿ ಹೇಗೆ ಇರಬಲ್ಲವೆಂಬುದನ್ನು ಈ ಮಸೂದೆ ತೋರಿಸುತ್ತದೆ, ‘ಮಂದಗಾಮಿ’ ಎಂಬ ಒಂದೇ ಪದ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಬಿಡುತ್ತದೆ.

ಗೋಖಲೆಯವರ ಅನಂತರ ಭಾರತ ಸೇವಕ ಸಮಾಜದ ಅಧ್ಯಕ್ಷರಾದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು 1919ರಲ್ಲಿ ಇದೇ ಪರೀಕ್ಷೆಗೆ ಒಳಗಾದರು. ರೌಲಟ್ ಮಸೂದೆಗಳ ಹಿಂದೆಯೂ ಅಸಾಧಾರಣ ಸಂದರ್ಭದ ವಾದವೇ ಇತ್ತು. ಶಾಸ್ತ್ರಿಗಳು ಫೆಬ್ರವರಿಯಲ್ಲಿ ಅವನ್ನು ಖಂಡತುಂಡವಾಗಿ ವಿರೋಧಿಸಿದರು. ಗಾಂಧೀಜಿಯವರ ಸತ್ಯಾಗ್ರಹವನ್ನೂ ಒಪ್ಪಲಿಲ್ಲ. ಹೊರಗಿನಿಂದ ನೋಡುವವರಿಗೆ ಅವರು ನಡುವೆ ನಿಂತಂತೆ ಕಾಣುತ್ತಾರೆ. ಆದರೆ ಸರ್ಕಾರವನ್ನು ಏಕೆ ವಿರೋಧಿಸಿದರು, ಚಳವಳಿಯನ್ನು ಏಕೆ ಒಪ್ಪಲಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಅವರಲ್ಲಿ ಬೇರೆಬೇರೆ ಕಾರಣಗಳಿದ್ದವು. ಒಂದನ್ನು ಸರಿದೂಗಿಸಲು ಇನ್ನೊಂದನ್ನು ಮಾಡಿದವರಲ್ಲ.

ಕನ್ನಡದಲ್ಲಿ ಗೋಖಲೆಯವರ ಚಿತ್ರ ರೂಪುಗೊಂಡದ್ದು ಹೆಚ್ಚಾಗಿ ಡಿ. ವಿ. ಗುಂಡಪ್ಪನವರ ಮೂಲಕ. ಅವರು ಗೋಖಲೆಯವರ ಜೀವನಚರಿತ್ರೆಯನ್ನು ಬರೆದರು, 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು. ಡಿ.ವಿ.ಜಿ. ಪತ್ರಿಕಾವೃತ್ತಿಗೆ ಕಾಲಿಟ್ಟ ದಿನಗಳೆಂದರೆ ದಿವಾನ್ ವಿ. ಪಿ. ಮಾಧವರಾಯರ ಕಾಲದ 1908ರ ಮೈಸೂರು ಪತ್ರಿಕಾ ನಿಬಂಧನೆಯ ದಿನಗಳು. ಬ್ರಿಟಿಷ್ ಇಂಡಿಯಾದ ಶಾಸನಕ್ಕೆ ಎರಡು ವರ್ಷ ಮೊದಲೇ ಸಂಸ್ಥಾನವು ಪತ್ರಿಕೆಗಳನ್ನು ಸರ್ಕಾರದ ಅನುಮತಿಗೆ ಅಧೀನಗೊಳಿಸಿತ್ತು. ಅದನ್ನು ಪ್ರತಿಭಟಿಸಿ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸಾತ್ತ್ವಿಕ ಸಜ್ಜನಿಕೆಗೆ ಹೆಸರಾದ ‘ತಾತಯ್ಯ’ನವರ ಈ ನಡೆ ಯಾವ ಅರ್ಥದಲ್ಲಿಯೂ ಮಧ್ಯಮಮಾರ್ಗವಲ್ಲ. ಡಿ.ವಿ.ಜಿ.ಯವರನ್ನು ‘ಸಮನ್ವಯವಾದಿ’ ಎಂದು ಕರೆದು ಮುಗಿಸುವ ವಿಮರ್ಶೆ, ಪತ್ರಿಕಾಕರ್ತನಾಗಿ ಅವರು ಬೆಳೆದ ಈ ಹಿನ್ನೆಲೆಯನ್ನು ಗಮನಕ್ಕೆ ತಂದುಕೊಂಡಿಲ್ಲವೆಂದೇ ನಮಗೆ ತೋರುತ್ತದೆ.

ಸ್ವಾತಂತ್ರ್ಯಾನಂತರದ ಒಂದು ಪ್ರಕರಣ ವಿಷಯವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಮುಂಬಯಿಯ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್‌ರೋಡ್ಸ್’ ತನ್ನ ಪ್ರಾಂತದೊಳಕ್ಕೆ ಬಾರದಂತೆ ಮದರಾಸು ಸರ್ಕಾರ ನಿಷೇಧಿಸಿತು. ಬಲಪಂಥೀಯ ‘ಆರ್ಗನೈಸರ್’ ಮುದ್ರಣಕ್ಕೆ ಮುನ್ನ ಪರಿಶೀಲನೆಗೆ ಒಳಪಡಬೇಕೆಂದು ದೆಹಲಿಯ ಆಡಳಿತ ಆಜ್ಞೆ ಮಾಡಿತು. 1950ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡನ್ನೂ ಅಸಿಂಧುವೆಂದಿತು. ಮರುವರ್ಷ ಬಂದ ಸಂವಿಧಾನದ ಮೊದಲ ತಿದ್ದುಪಡಿಯು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ‘ಸಾರ್ವಜನಿಕ ಸುವ್ಯವಸ್ಥೆ’ ಮುಂತಾದ ಹೊಸ ನಿರ್ಬಂಧಗಳನ್ನು ಸೇರಿಸಿತು. ಇದನ್ನು ವಿರೋಧಿಸಿದವರಲ್ಲಿ ಗೋಖಲೆಯವರ ಸಮಾಜದ ಆಗಿನ ಅಧ್ಯಕ್ಷ ಹೃದಯನಾಥ ಕುಂಜರೂ ಒಬ್ಬರು. ಎಡವೂ ಬಲವೂ ಒಂದೇ ಪೆಟ್ಟಿಗೆ ಸಿಕ್ಕಿದಾಗ ನಡುವಿನವರ ಸಮತೋಲನಕ್ಕೆ ಅದು ನ್ಯಾಯವಾಗಿಯೇ ಕಂಡೀತು. ಇಬ್ಬರನ್ನೂ ಸಮನಾಗಿ ತಡೆದೆವಲ್ಲ ಎಂಬ ಸಮಾಧಾನ ಅಲ್ಲಿದೆ. ಕುಂಜರೂ ಅವರಿಗೆ ಆ ಸಮಾಧಾನ ಸಾಲಲಿಲ್ಲ.

ಆದರೆ ಅದೇ ತಿದ್ದುಪಡಿಯೇ ಭೂಸುಧಾರಣೆಗೆ ರಕ್ಷಣೆಯನ್ನೂ ಹಿಂದುಳಿದವರಿಗೆ ವಿಶೇಷ ಅವಕಾಶಗಳನ್ನು ಕಲ್ಪಿಸುವ ಅಧಿಕಾರವನ್ನೂ ಕೊಟ್ಟಿತು. ಕಾನೂನು ಮಂತ್ರಿಗಳಾಗಿದ್ದ ಡಾ. ಅಂಬೇಡ್ಕರರು ಅದನ್ನು ಸಮರ್ಥಿಸಿದರು. ಅವರನ್ನು ಮಧ್ಯಮಮಾರ್ಗಿಯೆಂದು ಯಾರೂ ಕರೆಯಲಾರರು. 1943ರ ಜನವರಿಯಲ್ಲಿ ಪುಣೆಯ ಗೋಖಲೆ ಸ್ಮಾರಕ ಮಂದಿರದಲ್ಲಿ, ರಾನಡೆಯವರ ಜನ್ಮದಿನದ ಸಂದರ್ಭದಲ್ಲಿ, ಅವರು ಮಾಡಿದ ಭಾಷಣವನ್ನು ಇಲ್ಲಿ ನೆನೆಯಬೇಕು. ಹಕ್ಕುಗಳನ್ನು ಕಾಯುವುದು ಕಾನೂನಿಗಿಂತ ಹೆಚ್ಚಾಗಿ ಸಮಾಜದ ನೈತಿಕ ಅಂತಃಸಾಕ್ಷಿಯೆಂಬುದು ಅಲ್ಲಿನ ಮುಖ್ಯ ವಾದ. ಉದಾರವಾದಿ ಪಕ್ಷಕ್ಕೆ ಸಂಘಟನೆಯೇ ಇರಲಿಲ್ಲವೆಂಬುದು ಆ ಪಕ್ಷದ ಮೇಲಿನ ಆಕ್ಷೇಪ. ಉದಾರವಾದಿಗಳ ಮೇಲಿನ ಟೀಕೆಗಳಲ್ಲೆಲ್ಲ ಇದನ್ನೇ ನಾವು ಹೆಚ್ಚು ತೂಕದ್ದೆಂದು ಎಣಿಸುತ್ತೇವೆ. ಸರ್ಕಾರದ ಕೈಯನ್ನಷ್ಟೇ ನೋಡಿ ಜಾತಿಯ ಕೈಯನ್ನು ಕಾಣದವನ ಸ್ವಾತಂತ್ರ್ಯಪ್ರೇಮ ಅರೆಯಾದದ್ದು. ಆದರೂ ಇದು ಉದಾರವಾದದ ಗೆರೆಯನ್ನು ಇನ್ನೂ ಮುಂದಕ್ಕೆ ಎಳೆಯಬೇಕೆನ್ನುವ ಟೀಕೆ. ಎರಡು ಕಡೆಯವರ ನಡುವೆ ಹೋಗಿ ನಿಲ್ಲೆಂದು ಅದು ಯಾರಿಗೂ ಹೇಳುವುದಿಲ್ಲ.

1975ರ ಜೂನ್ 26ರಂದು ತುರ್ತು ಪರಿಸ್ಥಿತಿಯ ಘೋಷಣೆಯೊಡನೆ ಬೆಂಗಳೂರಿನಲ್ಲಿ ಬಂಧಿತರಾದ ಸಂಸತ್ ಸದಸ್ಯರಲ್ಲಿ ಜನಸಂಘದ ವಾಜಪೇಯಿ, ಆಡ್ವಾಣಿ ಇದ್ದರು, ಸಮಾಜವಾದಿ ಮಧು ದಂಡವತೆ ಇದ್ದರು, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ ಇದ್ದರು. ಬಂಧಿಸಿದ್ದು ಎಡಬಲಗಳೆರಡನ್ನೂ ಒಳಗೊಂಡ ನಡುವಿನ ಪಕ್ಷವೆಂದು ದಶಕಗಳಿಂದ ವರ್ಣಿತವಾಗಿದ್ದ ಪಕ್ಷದ ಸರ್ಕಾರ. ಇವರ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದು ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿತು. ದೇಶದ ಇತರ ಹಲವು ಉಚ್ಚ ನ್ಯಾಯಾಲಯಗಳೂ ಹಾಗೆಯೇ ಹೇಳಿದವು. ಸರ್ವೋಚ್ಚ ನ್ಯಾಯಾಲಯ 1976ರ ಏಪ್ರಿಲ್ 28ರಂದು ನಾಲ್ಕು ಮತಗಳ ಬಹುಮತದಿಂದ ಅದನ್ನು ತಳ್ಳಿಹಾಕಿತು. ಭಿನ್ನಮತ ಬರೆದ ಎಚ್. ಆರ್. ಖನ್ನಾ ಒಬ್ಬರೇ, ಮರುವರ್ಷದ ಜನವರಿಯಲ್ಲಿ ಅವರಿಗಿಂತ ಕಿರಿಯರು ಮುಖ್ಯ ನ್ಯಾಯಮೂರ್ತಿಗಳಾದಾಗ ಖನ್ನಾ ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾದ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ.